ಐನೂರು ಜನರ ದ್ವೀಪದಲ್ಲಿ ವಸಂತ



ಊರಿಗೆ ಫೋನ್ ಮಾಡಿದಾಗ "ಮತ್ತೇನು ವಿಶೇಷ?" ಅಂತ ಕೇಳ್ತೀರಿ, ಅಲ್ವಾ? ನಾನೂ ಕೇಳ್ತೀನಿ. ಅಮ್ಮ ಹೇಳ್ತಾರೆ: "ನಿನ್ನೆ ಸಂಜೆ ಹೋದ ಕರೆಂಟು ಈಗ ಬಂತು. ನಮ್ಮ ಬೀದಿಗೆ ಹೊಸ ನಲ್ಲಿ ಹಾಕಿದ್ರು. ಮೇಲಿನ ಮನೆಯವರೂ ಬೀಗ ಹಾಕಿಕೊಂಡು ಮಗನ ಹತ್ತಿರ ಹೋದ್ರು." ಇಂಥ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಆದರೆ ಒಂದು ಊರು ಉಳಿಯುತ್ತದೋ ಇಲ್ಲವೋ ಎಂಬುದು ಗೊತ್ತಾಗುವುದು ಇಂಥ ಸುದ್ದಿಯಿಂದಲೇ.

ಅಂಥ ಸುದ್ದಿ ಕೇಳಲು ಇವತ್ತು ನಿಮ್ಮನ್ನು ಗ್ರೀಸ್ ದೇಶದ ಒಂದು ಪುಟ್ಟ ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ. ಹೆಸರು ಟಿಲೋಸ್. ಕೋಸ್ ಮತ್ತು ರೋಡ್ಸ್ ಎಂಬ ಎರಡು ದೊಡ್ಡ ದ್ವೀಪಗಳ ನಡುವೆ ಇದೆ. ಚಳಿಗಾಲದಲ್ಲಿ ಅಲ್ಲಿರುವವರು ಸುಮಾರು 500 ಜನ. ನಮ್ಮ ಒಂದು ಹೌಸಿಂಗ್ ಸೊಸೈಟಿಯಷ್ಟು ಅನ್ನಿ!

ಚಳಿಗಾಲ ಅಲ್ಲಿ ಮಳೆ, ಗಾಳಿಯ ಕಾಲ. ಗಾಳಿ ಜೋರಾದರೆ ಹಡಗು ಬರುವುದಿಲ್ಲ. ಹಡಗಿಲ್ಲದಿದ್ದರೆ ತರಕಾರಿಯೂ ಇಲ್ಲ, ಪೇಟೆಯ ಡಾಕ್ಟರೂ ಇಲ್ಲ. ಮಾರ್ಚ್, ಏಪ್ರಿಲ್ ಬಂತೆಂದರೆ ಗುಡ್ಡಗಳೆಲ್ಲ ಹಸಿರು, ನಡುನಡುವೆ ಕೆಂಪು ಗಸಗಸೆ ಹೂವು. ಈಸ್ಟರ್ ಹಬ್ಬಕ್ಕೆ ಮೊದಲು ಗೋಡೆಗೆ, ಮೆಟ್ಟಿಲಿಗೆ ಸುಣ್ಣ ಬಳಿಯುತ್ತಾರೆ. ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಾರೆ. ಶನಿವಾರ ನಡುರಾತ್ರಿ ಚರ್ಚಿನಲ್ಲಿ ಹಚ್ಚಿದ ಮೇಣದ ಬತ್ತಿಯನ್ನು ಗಾಳಿಗೆ ಆರದಂತೆ ಕೈ ಅಡ್ಡ ಹಿಡಿದು ಮನೆಗೆ ತರುತ್ತಾರೆ. ಬೇರೆ ಊರು ಸೇರಿದ ಮಕ್ಕಳು ಹಡಗಿಳಿದು ಬರುವುದೂ ಆಗಲೇ. ನಾವು ಯುಗಾದಿಗೆ ಬಸ್ಸು ಹತ್ತುವ ಹಾಗೆ!

ಈ ದ್ವೀಪದ ಗುಡ್ಡದ ಮೇಲೆ ಮಿಕ್ರೊ ಖೋರಿಯೊ ಎಂಬ ಊರಿದೆ. "ಚಿಕ್ಕ ಹಳ್ಳಿ" ಎಂದರ್ಥ. ಈಗ ಅಲ್ಲಿ ಸಂಸಾರಗಳಿಲ್ಲ. ಎರಡನೆಯ ಮಹಾಯುದ್ಧದ ನಂತರ ಕೆಲವರು ಕೆಳಗೆ ಲಿವಾಡಿಯಾ ಬಂದರಿಗೆ ಇಳಿದರು, ಇನ್ನು ಕೆಲವರು ಪರದೇಶಕ್ಕೆ ಹೋದರು. ಸೂರಿಲ್ಲದ ಕಲ್ಲಿನ ಗೋಡೆಗಳು ಉಳಿದವು. ಕೆಳಗಿನ ಊರಿನವರು ತಲೆ ಎತ್ತಿ ನೋಡಿದರೆ, ಜನ ಹೋದ ಮೇಲೆ ಊರು ಹೇಗಾಗುತ್ತದೆ ಎಂಬುದು ಕಣ್ಣೆದುರಿಗೇ ಇದೆ.

ಹಾಗಾಗಿ ಸಣ್ಣ ಸುಧಾರಣೆಯೂ ಅವರಿಗೆ ಸಣ್ಣದಲ್ಲ. ವಿದ್ಯುತ್ತಿನ ಮಾತನ್ನೇ ತೆಗೆದುಕೊಳ್ಳಿ. ಕೋಸ್ ದ್ವೀಪದಲ್ಲಿ ಎಣ್ಣೆ ಸುಟ್ಟು ಮಾಡಿದ ಕರೆಂಟು ಸಮುದ್ರದಡಿಯ ಕೇಬಲ್ಲಿನಲ್ಲಿ ಬರಬೇಕಿತ್ತು. ಕೇಬಲ್ ಕೆಟ್ಟರೆ ದ್ವೀಪವೆಲ್ಲ ಕತ್ತಲೆ. 2015ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ಒಂದು ಯೋಜನೆ ಶುರುವಾಯಿತು. 800 ಕಿಲೋವಾಟಿನ ಒಂದು ಗಾಳಿಯಂತ್ರ, 160 ಕಿಲೋವಾಟಿನ ಸೌರ ಫಲಕಗಳು, ಜೊತೆಗೆ ದೊಡ್ಡ ಬ್ಯಾಟರಿಗಳು. ಗಾಳಿ ಬೀಸಿದಾಗ ತುಂಬಿಸಿಟ್ಟು, ನಿಂತಾಗ ಬಳಸುವ ಏರ್ಪಾಡು. ಹೆಚ್ಚಾದ ಕರೆಂಟನ್ನು ಅದೇ ಕೇಬಲ್ಲಿನಲ್ಲಿ ಕೋಸ್‌ಗೆ ಕಳಿಸಬಹುದು! ಹಡಗು ನಿಲ್ಲಿಸುವ ಗಾಳಿಯೇ ದೀಪ ಹಚ್ಚಿತು ನೋಡಿ. 2017ರಲ್ಲಿ ಈ ಕೆಲಸಕ್ಕೆ ಐರೋಪ್ಯ ಒಕ್ಕೂಟದ ಪ್ರಶಸ್ತಿಯೂ ಬಂತು. ಹಾಗೆಂದು ಕೋಸ್‌ನ ಹಂಗು ಪೂರ್ತಿ ಹರಿಯಿತು ಎನ್ನಲಾಗದು. ಯಂತ್ರದಿಂದ ಸಾಲದೆ ಹೋದಾಗ ಕೇಬಲ್ಲೇ ಗತಿ.

ಆಮೇಲೆ ಕಸ. ದ್ವೀಪದ ಕಸವೆಲ್ಲ ಗುಡ್ಡದ ಒಂದು ಗುಂಡಿಗೆ ಹೋಗುತ್ತಿತ್ತು. 2021ರ ಡಿಸೆಂಬರಿನಲ್ಲಿ ಹೊಸ ವ್ಯವಸ್ಥೆ ಬಂತು. ಬೀದಿಯ ಕಸದ ತೊಟ್ಟಿಗಳನ್ನೇ ತೆಗೆದುಬಿಟ್ಟರು. ಅಡುಗೆಮನೆಯ ಕಸ, ಮರುಬಳಕೆಗೆ ಬರುವುದು, ಯಾವುದಕ್ಕೂ ಬಾರದ್ದು ಹೀಗೆ ಮೂರು ಭಾಗ ಮಾಡಿ ಮನೆಯಲ್ಲೇ ಇಡಬೇಕು. ಗಾಡಿ ಬಾಗಿಲಿಗೆ ಬರುತ್ತದೆ. ಮೊಸರಿನ ಡಬ್ಬಿ ತೊಳೆದು ಕೊಡಬೇಕು. ನಮ್ಮ ಸೊಸೈಟಿಗಳಲ್ಲಿ ಹಸಿ ಕಸ, ಒಣ ಕಸದ ನೋಟಿಸು ಅಂಟಿಸಿದಾಗ ಎಷ್ಟು ಗೊಣಗಾಟ ನಡೆಯಿತು, ನೆನಪಿದೆಯಾ? ಅಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. 500 ಜನರ ಊರಿನಲ್ಲಿ ಯಾರ ಮನೆಯ ಚೀಲ ಯಾವುದೆಂದು ಎಲ್ಲರಿಗೂ ಗೊತ್ತು.

ನೋಡಿ, ಒಂದು ಗಾಳಿಯಂತ್ರ, ಮೂರು ಚೀಲ. ಇಷ್ಟರಿಂದ ಹೋದವರೆಲ್ಲ ವಾಪಸು ಬರುತ್ತಾರೆಂದು ನಾನು ಹೇಳುವುದಿಲ್ಲ. ಆದರೆ ಹಬ್ಬಕ್ಕೆ ಬಂದ ಮಗಳು "ಇಲ್ಲೂ ಇರಬಹುದಲ್ಲ" ಎಂದು ಒಂದು ಸಲ ಯೋಚಿಸಬೇಕಾದರೆ, ದೀಪ ಉರಿಯುತ್ತಿರಬೇಕು, ಬೀದಿ ಚೊಕ್ಕಟವಾಗಿರಬೇಕು.

ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಹೊಸ ನಲ್ಲಿಯ ಸುದ್ದಿ ಬಂದರೆ "ಹೂಂ" ಅಂದು ಮಾತು ಬದಲಿಸಬೇಡಿ. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ. ಮೇಲಿನ ಮನೆಯವರು ಹಬ್ಬಕ್ಕೆ ಬರುತ್ತಾರಾ ಎಂದೂ ಕೇಳಿ. ಕೇಳಿದ್ದನ್ನು ನಮಗೂ ಬರೆಯಿರಿ.