ಹಳೆಯ ಟ್ರ್ಯಾಕ್ಟರಿಗೆ ನೆರೆಯವರ ನೆರವು
(ಸಭಾಸದರ ಮೇಳಾವದಲ್ಲಿ ಆಡಿದ ಮಾತುಗಳು)



ನಮ್ಮಲ್ಲಿ ಕೆಲವರ ಮನೆಯಲ್ಲಿ ಇಂದಿಗೂ ಎಚ್‌ಎಂಟಿ 2511 ಟ್ರ್ಯಾಕ್ಟರು ಇದೆ. ಆಗಿನ ಜೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಿಂದ 1971ರಲ್ಲಿ ಪಿಂಜೋರಿನಲ್ಲಿ ತಯಾರಾಗತೊಡಗಿದ 25 ಅಶ್ವಶಕ್ತಿಯ ಯಂತ್ರವದು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿಯ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚುವ ನಿರ್ಣಯ ಕೈಕೊಂಡಿತು. ಆದ್ದರಿಂದ ಇಂಥ ಯಂತ್ರ ಕೆಟ್ಟರೆ ಕಂಪನಿಯ ದಾರಿ ಕಾಯುವಂತಿಲ್ಲ. ಅದೇ ಯಂತ್ರವನ್ನು ಬಳಸಿದ ರೈತನೇ ನಮಗೆ ವೈದ್ಯ.

ಆದರೆ ವೈದ್ಯನಿಗೆ ಲಕ್ಷಣಗಳನ್ನು ಸರಿಯಾಗಿ ಹೇಳಬೇಕು. "ಗಾಡಿ ಚಾಲೂ ಆಗವಲ್ದು" ಎಂದಷ್ಟೇ ಅಂದರೆ ಸಾಲದು. ಸ್ಟಾರ್ಟರ್ ಎಂಜಿನನ್ನು ತಿರುಗಿಸುತ್ತದೆಯೇ? ಹೊಗೆ ಯಾವ ಬಣ್ಣದ್ದು? ಕಪ್ಪಾಗಿದ್ದರೆ ಮೊದಲು ಏರ್ ಕ್ಲೀನರ್ ನೋಡಿರಿ. ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ತಿರುಗಿಯೂ ಹೊಗೆಯೇ ಬಾರದಿದ್ದರೆ ಡೀಸೆಲ್ ಒಳಗೆ ಮುಟ್ಟುತ್ತಿಲ್ಲ. ಟಾಕಿ ಬರಿದಾದ ಮೇಲೆ ಅಥವಾ ಫಿಲ್ಟರ್ ಬದಲಿಸಿದ ಮೇಲೆ ಹೀಗಾದರೆ ಬಹುತೇಕ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಆಮೇಲೆ ಸ್ಕ್ರೂ ಬಿಗಿಯಿರಿ. ಇಂಜೆಕ್ಷನ್ ಪಂಪನ್ನು ಮಾತ್ರ ಹೊಲದಲ್ಲಿ ಬಿಚ್ಚಬೇಡಿರಿ.

ಬಿಡಿಭಾಗ ಕೇಳಲು ಹೋಗುವಾಗ ಮಾಡೆಲ್, ಎಂಜಿನ್ ನಂಬರು ಬರೆದುಕೊಂಡು ಸವೆದ ಭಾಗವನ್ನೇ ಜೊತೆಗೆ ಒಯ್ಯಿರಿ. ಮೂಲೆಗೆ ನಿಂತ ಟ್ರ್ಯಾಕ್ಟರು ಇದ್ದವರು ಅದನ್ನು ಗುಜರಿಗೆ ಹಾಕುವ ಮೊದಲು ಸುತ್ತಲಿನ ನಾಲ್ಕು ಊರಿನವರನ್ನು ಕೇಳಿರಿ.

ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಆದಕಾರಣ ಹಂಗಾಮಿಗೆ ಮೊದಲೇ ನಿಮ್ಮ ಯಂತ್ರವನ್ನು ಬಲ್ಲವರಿಗೆ ತೋರಿಸಿರಿ. ಕಾರಖಾನೆಯನ್ನೇ ಕೂಡಿ ಕಟ್ಟಿದ ನಮಗೆ ಒಂದು ಎಂಜಿನನ್ನು ಕೂಡಿ ಎಬ್ಬಿಸುವುದು ಭಾರವಲ್ಲ.