ಜೇಕಿನ ಗಡ್ಡೆ



ಮಳೆ ಬಿದ್ದ ಮರುವಾರ ಹೂವಿನ ಪಾತಿಯಲ್ಲಿ ಹುಲ್ಲಿನಂಥ ಹಸಿರು ಎದ್ದಿದ್ದರೆ, ಒಂದು ದಂಟನ್ನು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಅಂಚು ಕೈಗೆ ತಾಗಿದರೆ ಅದು ಹುಲ್ಲಲ್ಲ, ಜೇಕು. ಕೊನ್ನಾರಿ ಗಡ್ಡೆ ಎಂದೂ ಕರೆಯುತ್ತಾರೆ.

ನಾನು ವರ್ಷಗಟ್ಟಲೆ ಅದನ್ನು ಕಿತ್ತೆ. ಸಲೀಸಾಗಿ ಕೈಗೆ ಬರುತ್ತಿತ್ತು; ವಾರದೊಳಗೆ ಮತ್ತೆ ಚಿಗುರುತ್ತಿತ್ತು. ಒಮ್ಮೆ ಗುದ್ದಲಿ ಹಿಡಿದು ಗೇಣುದ್ದ ಅಗೆದಾಗ ಕಂಡಿತು: ದಾರದಂಥ ಬೇರಿಗೆ ಪೋಣಿಸಿದ ಕಪ್ಪು ಗಡ್ಡೆಗಳ ಸರ. ಮೇಲಿನದನ್ನು ಕಿತ್ತರೆ ಸರ ಹರಿಯುತ್ತದೆ, ಕೆಳಗೆ ಮಲಗಿದ್ದ ಗಡ್ಡೆ ಎಚ್ಚರಗೊಳ್ಳುತ್ತದೆ. ಆಯುರ್ವೇದದಲ್ಲಿ ಮುಸ್ತಾ ಎನ್ನುವ, ಜ್ವರ ಅಜೀರ್ಣಗಳಿಗೆ ಬಳಸುವ ಗಡ್ಡೆಯೂ ಇದೇ. ಮುರಿದು ಮೂಸಿದರೆ ಘಮ್ಮೆನ್ನುತ್ತದೆ. ಕಳೆಯಾದರೂ ಕೀಳಲ್ಲ.

ಆದರೆ ಪಾತಿಯಲ್ಲಿ ಅದಕ್ಕೆ ಜಾಗವಿಲ್ಲ. ಬೇಸಿಗೆಯಲ್ಲಿ ಮಣ್ಣನ್ನು ಆಳವಾಗಿ ಮಗುಚಿ, ಗಡ್ಡೆಗಳನ್ನು ಉರಿಬಿಸಿಲಿಗೆ ಹರಡಿದರೆ ಒಣಗಿ ಸಾಯುತ್ತವೆ. ಉಳಿದವು ಚಿಗುರಿದಂತೆಲ್ಲ ಎಳೆಯದರಲ್ಲೇ ಅಗೆದು ತೆಗೆಯಬೇಕು. ನೆರಳನ್ನು ಜೇಕು ತಾಳದು. ಒತ್ತಾಗಿ ಹಬ್ಬುವ ಅಲಸಂದೆ ಬಿತ್ತಿದರೆ ಸೊರಗುತ್ತದೆ. ಒಂದೇ ಹಂಗಾಮಿನಲ್ಲಿ ಮುಗಿಯುವ ಕೆಲಸವಲ್ಲ ಇದು.

ಇವತ್ತು ಪಾತಿಗೆ ಇಳಿದಾಗ ಎಲೆಯನ್ನು ಎಳೆಯಬೇಡಿ. ಗುದ್ದಲಿ ತನ್ನಿ, ಕೂತು ಅಗೆಯಿರಿ, ಕೊನೆಯ ಗಡ್ಡೆ ಕೈಗೆ ಬರುವವರೆಗೂ.