ಹಿಡಕಲ್ ಹಿನ್ನೀರಿನ ದಂಡಿಗೆ ಒಂದು ಮನಿ: ನಿಜವಾದ ಖರ್ಚು ಎಷ್ಟು?

ಶ್ರಾವಣದಾಗ ಗೋಕಾಕ ಫಾಲ್ಸಿಗೆ ಬಂದು, ಘಟಪ್ರಭಾ 170 ಅಡಿ ಕೆಳಗ ಧುಮುಕೂದು ನೋಡಿ, ಕರದಂಟು ಕಟ್ಟಿಸಿಕೊಂಡು, ಹಂಗ ಹಿಡಕಲ್ ಡ್ಯಾಮಿಗೆ ಹೋಗಿ ಬಂದವ್ರಿಗೆ ಒಂದು ಆಸೆ ಹುಟ್ಟತೈತಿ. ಈ ನೀರಿನ ದಂಡಿಗೆ ನಮ್ದೂ ಒಂದು ಸಣ್ಣ ಮನಿ ಇದ್ರ ಎಷ್ಟ್ ಚಂದ ಅಂತ. ಈಗಂತೂ ಹುಕ್ಕೇರಿ ತಾಲೂಕಿನ ಕಡಿ ಹೊಲ ಮಾರಾಕ ಐತಿ, ಫಾರ್ಮ್‌ಹೌಸ್ ಮಾಡ್ರಿ ಅನ್ನೋ ಏಜೆಂಟರಿಗೇನೂ ಬರ ಇಲ್ಲ. ಇವತ್ತು ಅದರ ಲೆಕ್ಕ ಬಿಚ್ಚೂಣು.

ಮೊದಲು ನೀರಿನ ಲೆಕ್ಕ. ರೊಕ್ಕದ್ದು ಆಮ್ಯಾಲ.

ಹಿಡಕಲ್ ಅಂದ್ರ ರಾಜಾ ಲಖಮಗೌಡ ಜಲಾಶಯ. ತುಂಬಿದ್ರ 51 ಟಿಎಂಸಿ ನೀರು, ಗರಿಷ್ಠ ಮಟ್ಟ 2175 ಅಡಿ. ಮಳಿಗಾಲ ಮುಗಿಯೂ ಹೊತ್ತಿಗೆ ನೋಡಿದ್ರ ಸಮುದ್ರದಂಗ ಕಾಣತೈತಿ. ಆದ್ರ ಈ ನೀರು ನೋಡಾಕ ನಿಲ್ಲಿಸಿದ್ದಲ್ಲ. ಬೆಳಗಾವಿ, ಬಾಗಲಕೋಟಿ ಜಿಲ್ಲಾದ ಹೊಲಕ್ಕ ಹೋಗಬೇಕು, ಬೆಳಗಾವಿ ಊರಿಗೆ ಕುಡ್ಯಾಕ ಹೋಗಬೇಕು. ಹಿಂಗಾಗಿ ಬ್ಯಾಸಗಿ ಬಂತಂದ್ರ ನೀರು ಹಿಂದಕ್ಕ ಸರಕೋಂತ ಹೋಗತೈತಿ. ಎಷ್ಟರಮಟ್ಟಿಗೆ ಅಂದ್ರ, ಮುಳುಗಡಿ ಆದ ಹುನ್ನೂರಿನ ವಿಠ್ಠಲನ ಗುಡಿ ಶಿಖರದಿಂದ ಪಾಯದ ತನಕಾ ಎದ್ದು ನಿಂದರತೈತಿ, ಜನ ನಡಕೋಂತ ಹೋಗಿ ಕಾಯಿ ಒಡಿಸಿಕೊಂಡು ಬರ್ತಾರ. ನಮ್ಮಂಥವ್ರಿಗೆ ಅದು ದೇವರ ದರ್ಶನ, ಮನಿ ಕೊಂಡವ್ರಿಗೆ ಮಾತ್ರ ಕೆರಿ ಖಾಲಿ ಆದ ಸುದ್ದಿ. ಹುಡುಗರಿಗೆ ಸೂಟಿ ಇರೋದು ಏಪ್ರಿಲ್, ಮೇ ತಿಂಗಳದಾಗ. ಆವಾಗ ನಿಮ್ಮ ಕಿಟಕಿಯಿಂದ ಕಾಣೂದು ಬಿರುಕು ಬಿಟ್ಟ ಎರಿ ಮಣ್ಣು. ಫಾಲ್ಸೂ ಅಷ್ಟ, ಬರೀ ಬಂಡಿಗಲ್ಲು.

ಹಂಗಾದ್ರ ಡ್ಯಾಮಿನ ಕೆಳಗ, ಹೊಳಿ ದಂಡಿಗೆ ತಗೋತೀವಿ ಅಂತೀರೇನು? 2019ರ ಆಗಸ್ಟ್ ನೆನಪು ಮಾಡ್ಕೋರಿ. ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಕೂಡೇ ತುಂಬಿ ಬಂದು ಗೋಕಾಕದಾಗ ಓಣಿ ಓಣಿನೇ ನೀರಾಗ ನಿಂತಿದ್ದು, ಲೋಳಸೂರ ಸೇತುವಿ ಮುಳುಗಿದ್ದು ಯಾರೂ ಮರ್ತಿಲ್ಲ. ಮ್ಯಾಲ ಕೊಂಡ್ರ ನೀರು ನಿಮ್ಮನ್ನ ಬಿಟ್ಟು ಹೋಗತೈತಿ, ಕೆಳಗ ಕೊಂಡ್ರ ಮನಿ ಒಳಗ ಬರತೈತಿ.

ಈಗ ಕಾಗದ ಪತ್ರ. 2020ರಾಗ ಭೂಸುಧಾರಣಾ ಕಾಯ್ದಿಯ 79ಎ, 79ಬಿ ತೆಗೆದ ಮ್ಯಾಲ ರೈತರಲ್ಲದವ್ರೂ ಹೊಲ ಕೊಳ್ಳಬಹುದು. ಇದನ್ನ ಏಜೆಂಟರು ದೊಡ್ಡ ದನಿಯಾಗ ಹೇಳ್ತಾರ. ಹೊಲ ಕೊಳ್ಳೂದು ಬ್ಯಾರೆ, ಅದರಾಗ ಬಂಗ್ಲೆ ಕಟ್ಟೂದು ಬ್ಯಾರೆ ಅನ್ನೂದನ್ನ ಮಾತ್ರ ಸಣ್ಣ ದನಿಯಾಗೂ ಹೇಳಂಗಿಲ್ಲ. ವಸತಿಗೆ ಎನ್‌ಎ, ಅಂದ್ರ ಕೃಷಿಯೇತರ ಪರಿವರ್ತನಿ, ಆಗಬೇಕು. ಎನ್‌ಎ ಇಲ್ಲದ ಹೊಲದ ಮ್ಯಾಲ ಗೃಹಸಾಲ ಸಿಗೂದು ಕಷ್ಟ. "ಸರ್ವೇ ನಂಬರಿನಾಗ ನಿಮಗ 5 ಗುಂಟೆ" ಅಂದ್ರ 11ಇ ನಕ್ಷಾ ಕೇಳ್ರಿ, ಉತಾರದಾಗ ಎಷ್ಟು ಮಂದಿ ಹೆಸರು ಅದಾವು ನೋಡ್ರಿ. ಅಣ್ಣತಮ್ಮರ ವಾಟ್ನಿ ಆಗಿರದ ಹೊಲ ಅಂದ್ರ ನೀವು ಕೊಳ್ಳೂದು ಮನಿ ಅಲ್ಲ, ಕೋರ್ಟಿನ ತಾರೀಖು.

ರೊಕ್ಕಕ್ಕ ಬರೂಣು. ಲೆಕ್ಕ ಹಾಕಾಕ ಅಂತ, ಕಟ್ಟಿದ ಮನಿ ಒಂದು 20 ಲಕ್ಷ ಅಂತ ಹಿಡ್ಕೋರಿ. ಹಳ್ಳಿ ಭಾಗದಾಗ ಸ್ಟ್ಯಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಕೂಡಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ ಕಡೀಕ ಶೇ 1ರಿಂದ 2 ಆತು. ಒಟ್ಟ ಶೇ 7.65, ಅಂದ್ರ 1 ಲಕ್ಷ 53 ಸಾವಿರ. ಇದನ್ನ ಬ್ಯಾಂಕು ಮನಿ ಕಿಮ್ಮತ್ತಿನಾಗ ಹಿಡಿಯಂಗಿಲ್ಲ, ಕೈಯಿಂದನ ಹಾಕಬೇಕು. 5 ಲಕ್ಷ ನಿಮ್ಮದು, 15 ಲಕ್ಷ ಸಾಲ ಅಂದ್ರ ಶೇ 9ರ ಬಡ್ಡಿಗೆ, 15 ವರ್ಷಕ್ಕ, ತಿಂಗಳ ಕಂತು ಸುಮಾರು 15,200 ರೂಪಾಯಿ. ಕಾಯವ್ರಿಗೆ ತಿಂಗಳಿಗೆ 4 ಸಾವಿರ ಕೊಡ್ರಿ. ವರ್ಷಕ್ಕ 2 ಲಕ್ಷ 30 ಸಾವಿರ ಆತು. ಇದರಾಗ ಲೈಟ್ ಬಿಲ್ಲಿಲ್ಲ, ಬಣ್ಣ ಇಲ್ಲ, ಮಳಿಗೆ ಕೆಟ್ಟ ಮೋಟಾರ್ ಇಲ್ಲ.

ವರ್ಷದಾಗ ಎಷ್ಟು ರಾತ್ರಿ ಅಲ್ಲಿ ಮಲಗ್ತೀರಿ? 20 ಅಂತ ಉದಾರ ಆಗಿನ ಹಿಡಿಯೂಣು. ಒಂದು ರಾತ್ರಿಗೆ ಹನ್ನೊಂದೂವರಿ ಸಾವಿರ ಬಿತ್ತು! ಅಷ್ಟು ರೊಕ್ಕಕ್ಕ ಬೆಳಗಾವಿಯಾಗ ಒಳ್ಳೆ ಹೋಟೆಲಿನಾಗ ಇಡೀ ಮನಿಮಂದಿ ಇದ್ದು, ಉಂಡು, ಬೆಳಿಗ್ಗೆ ಫಾಲ್ಸಿಗೆ ಗಾಡಿ ಮಾಡ್ಕೊಂಡು ಬರಬಹುದು.

"ನಾವಿಲ್ಲದಾಗ ಬಾಡಿಗಿಗೆ ಕೊಡ್ತೀವಿ" ಅಂತಾರ ಭಾಳ ಮಂದಿ. ಇಲ್ಲಿ ಸೀಜನ್ ಅಂದ್ರ ಜುಲೈದಿಂದ ಸೆಪ್ಟೆಂಬರ್, ಅದರಾಗೂ ಬರೇ ಐತವಾರದ ಗದ್ದಲ. ಬೆಳಗಾವಿ, ಚಿಕ್ಕೋಡಿ, ಕೊಲ್ಲಾಪುರದಿಂದ ಬರೂ ಮಂದಿ ಬುತ್ತಿ ಕಟ್ಕೊಂಡ ಬಂದು ಸಂಜೀಕ ಊರು ಸೇರ್ತಾರ. ಅವರನ್ನ ನಂಬಿ ಕಂತು ಕಟ್ಟಾಕ ಆಗೂದಿಲ್ಲ.

ತೆರಿಗೆ ಬಗ್ಗೆ ಒಂದ ಮಾತು: ಸ್ವಂತಕ್ಕ ಇಟ್ಟ ಎರಡು ಮನಿ ತನಕಾ ಕಾಲ್ಪನಿಕ ಬಾಡಿಗಿ ಮ್ಯಾಲ ತೆರಿಗೆ ಇಲ್ಲ. ಆದ್ರ ಹೊಸ ಪದ್ಧತಿಯಾಗ ಇದ್ರ ಆ ಮನಿ ಸಾಲದ ಬಡ್ಡಿಗೆ ವಿನಾಯ್ತಿನೂ ಇಲ್ಲ.

ಹಂಗಂತ ಯಾರೂ ಕೊಳ್ಳಬಾರದು ಅಂತಲ್ರಿ. ಇಲ್ಲೇ ಹುಟ್ಟಿ ಪುಣೆ, ಬೆಂಗಳೂರಿಗೆ ನೌಕರಿಗೆ ಹೋದವ್ರು, ನಿವೃತ್ತಿ ಆದಮ್ಯಾಲ ಬಂದು ನೆಲಸವ್ರು, ಊರಾಗ ತಮ್ಮನೋ ಮಾವನೋ ಇದ್ದು ಬಾಗಲಾ ತೆಗೆದು ದೀಪ ಹಚ್ಚವ್ರು ಇದ್ರ ಲೆಕ್ಕ ಬ್ಯಾರೆ ಆಗತೈತಿ. ಅದೂ ಸಾಲ ಇಲ್ಲದ, ಕೂಡಿಟ್ಟ ರೊಕ್ಕದಾಗ. ವಾರದ ಸೂಟಿಗೆ ಸಾಲ ಮಾಡಿ ಕೊಳ್ಳವ್ರಿಗೆ ನನ್ನ ಮಾತು: ಬ್ಯಾಡ್ರಿ.

ಆದ್ರೂ ಮನಸ್ಸು ತಡಿಯಂಗಿಲ್ಲ ಅಂದ್ರ, ಸಂಚಕಾರ ಕೊಡೂ ಮುಂಚೆ ಎರಡು ಕೆಲಸ ಮಾಡ್ರಿ. ನೀರಾವರಿ ನಿಗಮದ ಆಫೀಸಿನಾಗ ಆ ಸರ್ವೇ ನಂಬರು ಮುಳುಗಡಿ ಜಾಗಾದ ಹೊರಗ ಐತೋ ಇಲ್ಲೋ ಕೇಳ್ರಿ. ಆಮ್ಯಾಲ ಮೇ ತಿಂಗಳ ಮಧ್ಯಾಹ್ನ 2 ಗಂಟೆಕ್ಕ ಆ ಪ್ಲಾಟಿನ ಮ್ಯಾಲ ಹೋಗಿ, ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು, ಒಂದು ತಾಸು ಕುಂದ್ರರಿ. ಅವ್ರು "ತಗೊಳ್ಳೂಣು" ಅಂದ್ರ ತಗೋರಿ.